ಅಂಡಮಾನ್‌ಗೆ ಹೊರಟಿದ್ದೀರಾ? ಮೊದಲು ಸಮುದ್ರದ ವೇಳಾಪಟ್ಟಿ ನೋಡಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಟಿಕೆಟ್, ಹೋಟೆಲ್ ಆದರೆ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಆದರೆ ಅಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಫೆರಿಯೇ ಗತಿ. ಗಾಳಿ-ಅಲೆ ಜೋರಾದರೆ ಫೆರಿ ನಿಂತೇಬಿಡುತ್ತದೆ. ಹಾಗಾಗಿ ಇಡೀ ಪ್ರವಾಸವನ್ನು ಸಮುದ್ರಕ್ಕೆ ಹೊಂದಿಸಿಕೊಂಡೇ ಹಾಕಿಕೊಳ್ಳಬೇಕು.

ತಿಂಗಳು, ದಿನಗಳ ಜೋಡಣೆ

ಜನವರಿಯಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ನೀರು ತಿಳಿ. ಕ್ರಿಸ್‌ಮಸ್ ವಾರದಲ್ಲಿ ಜನವೂ ಜಾಸ್ತಿ, ದರವೂ ಜಾಸ್ತಿ.

ಮೊದಲ ದಿನ ಪೋರ್ಟ್ ಬ್ಲೇರ್‌ನಲ್ಲೇ ಇದ್ದು ಸೆಲ್ಯುಲರ್ ಜೈಲು ನೋಡಿ. 1906ರಲ್ಲಿ ಕಟ್ಟಿ ಮುಗಿಸಿದ ಈ ಜೈಲಿನಲ್ಲಿ 696 ಒಂಟಿ ಕೋಣೆಗಳಿದ್ದವು. ಒಂದೊಂದು ಸಾಲಿನ ಬಾಗಿಲೂ ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡಿತ್ತು. ಕೈದಿಗೆ ಕೈದಿಯ ಮುಖ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದು. ಅವಸರದಲ್ಲಿ ಸುತ್ತಿ ಬರುವ ಜಾಗ ಅದಲ್ಲ.

ಆಮೇಲೆ ಹ್ಯಾವ್‌ಲಾಕ್ ದ್ವೀಪದಲ್ಲಿ ಎರಡು ರಾತ್ರಿ, ನೀಲ್ ದ್ವೀಪದಲ್ಲಿ ಒಂದು. ಕೊನೆಯ ರಾತ್ರಿ ಮಾತ್ರ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲಿರಲಿ. ಬೆಳಿಗ್ಗೆ ಫೆರಿ ಹಿಡಿದು ಮಧ್ಯಾಹ್ನ ವಿಮಾನ ಹತ್ತುವ ಲೆಕ್ಕ ತುಂಬ ಅಪಾಯದ್ದು. ಇನ್ನೊಂದು ವಿಷಯ: ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ. ಟಿಕೆಟ್‌ನಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ.

ಫೆರಿ ಹತ್ತುವಾಗ

ಸರ್ಕಾರಿ ಫೆರಿ ಅಗ್ಗ, ಖಾಸಗಿಯದು ಬೇಗ. ಯಾವುದಾದರೂ ಸರಿ, ಮುಂಚೆಯೇ ಬುಕ್ ಮಾಡಿ, ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಫೆರಿ ಯಾವ ಜೆಟ್ಟಿಯಿಂದ ಹೊರಡುತ್ತದೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ವಾಂತಿ ಬರುವವರು ವೈದ್ಯರನ್ನು ಕೇಳಿ ಮಾತ್ರೆ ತಂದು, ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಡುವಿನ ಸೀಟು ಕೇಳಿ, ಮೊಬೈಲ್ ಬದಿಗಿಟ್ಟು ದೂರದ ದಿಗಂತ ನೋಡುತ್ತಿರಿ.

ಸೂರ್ಯ, ಉಬ್ಬರ, ಇಳಿತ

ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಬೆಳಿಗ್ಗೆ ಐದೂವರೆಗೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯ ಮುಳುಗಿರುತ್ತಾನೆ. ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡಬೇಕೆಂದರೆ ನಾಲ್ಕು ಗಂಟೆಗೆ ಅಲ್ಲಿರಿ.

ನೀಲ್‌ನಲ್ಲಿ ಪ್ರಕೃತಿಯೇ ಕಟ್ಟಿದ ಕಲ್ಲಿನ ಸೇತುವೆಗೆ ಹೋಗಬೇಕಾದದ್ದು ನೀರು ಇಳಿದಾಗ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರದ ದಿನಗಳಲ್ಲಿ ನೀರು ಇನ್ನೂ ಹಿಂದೆ ಸರಿಯುತ್ತದೆ. ಆಗ ಬಂಡೆಯ ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಏಡಿ, ಪುಟ್ಟ ಮೀನು, ಕಪ್ಪಗೆ ಮಲಗಿದ ಸಮುದ್ರ ಸೌತೆ ಎಂಬ ಸೌತೆಕಾಯಿಯಂಥ ಪ್ರಾಣಿ ಎಲ್ಲ ಕಣ್ಣಳತೆಯಲ್ಲೇ ಕಾಣುತ್ತವೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ! ಬಂಡೆ ಚೂಪು, ಪಾಚಿ ಜಾರುತ್ತದೆ. ಹಿಂದೆ ಪಟ್ಟಿಯಿರುವ ಚಪ್ಪಲಿ ಬೇಕು. ಜೀವಿಗಳನ್ನು ಮುಟ್ಟದೆ ನೋಡಿ. ನೀರು ಏರಲು ಶುರುವಾದ ಕೂಡಲೇ ವಾಪಸ್ ಹೊರಡಿ.

ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಮಾಡುವುದಿದ್ದರೆ ಪ್ರವಾಸದ ಮೊದಲರ್ಧಕ್ಕೇ ಇಟ್ಟುಕೊಳ್ಳಿ. ನೀರಿನಿಂದ ಮೇಲೆ ಬಂದು ಕನಿಷ್ಠ 18 ಗಂಟೆ ವಿಮಾನ ಹತ್ತುವಂತಿಲ್ಲ. ಶೀತ, ಆಸ್ತಮಾ ಇದ್ದರೆ ಮುಚ್ಚಿಡಬೇಡಿ. ಮೊಸಳೆ ಎಚ್ಚರಿಕೆಯ ಫಲಕ ಇರುವಲ್ಲಿ ನೀರಿಗೆ ಇಳಿಯಲೇಬೇಡಿ.

ಇವೆರಡು ಬೇಡವೇ ಬೇಡ

ಬಾರಾಟಾಂಗ್ ದ್ವೀಪಕ್ಕೆ ಹೋಗುವ ರಸ್ತೆ ಜಾರವಾ ಎಂಬ ಬುಡಕಟ್ಟು ಜನರ ಕಾಡಿನೊಳಗೆ ಹಾದು ಹೋಗುತ್ತದೆ. ಅಲ್ಲಿ ಗಾಡಿ ನಿಲ್ಲಿಸುವುದು, ಅವರ ಫೋಟೊ ತೆಗೆಯುವುದು, ತಿಂಡಿ ಎಸೆಯುವುದು ಎಲ್ಲ ನಿಷಿದ್ಧ. ಅವರನ್ನು ನೋಡಲೆಂದೇ ಆ ದಾರಿ ಹಿಡಿಯುವುದಂತೂ ಅವರಿಗೆ ಮಾಡುವ ಅವಮಾನ.

ಹವಳದ ಚೂರು ಸತ್ತದ್ದಾಗಿದ್ದರೂ ಎತ್ತಿಕೊಳ್ಳಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆಯಾಗುತ್ತದೆ. ಅಂಗಡಿಯಲ್ಲಿ ಚಿಪ್ಪಿನ ವಸ್ತು ಕೊಂಡರೆ ಬಿಲ್ ಜೋಪಾನವಾಗಿಟ್ಟುಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಮಕ್ಕಳ ಜೇಬನ್ನೂ ಒಮ್ಮೆ ನೋಡಿಬಿಡಿ.