ನಿಮ್ಮ ಬೀದಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಎಷ್ಟು ಕಾರು ಹೊರುತ್ತದೆ?

ಎಲ್ಲರೂ ಎಲೆಕ್ಟ್ರಿಕ್ ಕಾರು ಕೊಂಡರೆ ಕರೆಂಟು ಸಾಲುತ್ತದೆಯೇ ಎಂದು ಕೇಳುವವರು ರಾಯಚೂರಿನ ಚಿಮಣಿಯನ್ನೋ ಪಾವಗಡದ ಸೋಲಾರ್ ಪಾರ್ಕನ್ನೋ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಲೆಕ್ಕ ಹಾಕಿ ನೋಡಿ. ಮೈಸೂರಿನಲ್ಲಿ ಒಂದು ಲಕ್ಷ ಎಲೆಕ್ಟ್ರಿಕ್ ಕಾರು ಇವೆ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ 40 ಕಿ.ಮೀ. ಓಡುವ ಕಾರಿಗೆ ಚಾರ್ಜಿಂಗ್ ನಷ್ಟವೂ ಸೇರಿ ಸುಮಾರು 7 ಯೂನಿಟ್ ಬೇಕು. ರಾತ್ರಿಯ ಆರು ಗಂಟೆಗಳಿಗೆ ಹರಡಿದರೆ ಒಟ್ಟು 120 ಮೆಗಾವ್ಯಾಟ್‌ಗೂ ಕಡಿಮೆ. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿತ್ತು. ಅದರ ಮುಂದೆ ಇದು ಚಿಲ್ಲರೆ. ಅವೇ ಕಾರುಗಳನ್ನು ಸಂಜೆ ಏಳಕ್ಕೆ ಒಟ್ಟಿಗೆ 7.2 ಕಿಲೋವ್ಯಾಟ್ ಚಾರ್ಜರಿಗೆ ಸಿಕ್ಕಿಸಿದರೆ 720 ಮೆಗಾವ್ಯಾಟ್. ಆ ಏಟು ಮೊದಲು ಬೀಳುವುದು ನಿಮ್ಮ ಬೀದಿಯ ಟಿಸಿಗೆ. ಆದ್ದರಿಂದ ಕಾರು ಬುಕ್ ಮಾಡುವ ಮೊದಲು ಅದನ್ನೊಮ್ಮೆ ನೋಡಿ ಬನ್ನಿ.

ಬೇಲಿಯ ಹೊರಗೇ ನಿಂತು ಅದರ ಕೆವಿಎ, ಅಂದರೆ ಎಷ್ಟು ಲೋಡ್ ಹೊರುತ್ತದೆ ಎಂಬ ಅಂಕಿ ಓದಿ, ಪೆಟ್ಟಿಗೆ ಮುಟ್ಟಬೇಡಿ. ಕಾಣದಿದ್ದರೆ ಲೈನ್‌ಮ್ಯಾನ್‌ರನ್ನು ಕೇಳಿ. 100 ಕೆವಿಎ ಟಿಸಿ ಪ್ರತಿ ಫೇಸಿಗೆ (ಕರೆಂಟು ತರುವ ಮೂರು ತಂತಿಗಳಲ್ಲಿ ಒಂದೊಂದಕ್ಕೆ) 133 ಆಂಪ್ ಕೊಡುತ್ತದೆ, 63 ಕೆವಿಎ 84 ಆಂಪ್, 25 ಕೆವಿಎ 33 ಆಂಪ್. 7.2 ಕಿಲೋವ್ಯಾಟ್ ಚಾರ್ಜರ್ ಎಳೆಯುವುದು 32 ಆಂಪ್. ಅಂದರೆ ಮಂಡ್ಯ ಕಡೆಯ ಹಳ್ಳಿಯಲ್ಲಿ 25 ಕೆವಿಎ ಟಿಸಿ ಇದ್ದರೆ ಒಂದೇ ಕಾರು ಒಂದು ಫೇಸನ್ನು ಪೂರ್ತಿ ನುಂಗುತ್ತದೆ.

ಈಗ 100 ಕೆವಿಎ ಟಿಸಿಗೆ 50 ಮನೆ ಇರುವ ಬಡಾವಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸಂಜೆ ಮನೆಗೆ ಸರಾಸರಿ 1.2 ಕಿಲೋವ್ಯಾಟ್ ಎಂದರೆ 60 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.9 ಹಿಡಿದರೆ 67 ಕೆವಿಎ. ಟಿಸಿಯನ್ನು ಶೇ 80ಕ್ಕಿಂತ ಮೇಲೆ ದುಡಿಸಬಾರದು ಎಂದಿಟ್ಟುಕೊಂಡರೆ ಉಳಿಯುವುದು 13 ಕೆವಿಎ, ಅಂದರೆ 3.3 ಕಿಲೋವ್ಯಾಟ್‌ನಲ್ಲಿ ನಾಲ್ಕು ಕಾರು. ರಾತ್ರಿ ಹನ್ನೊಂದರ ಮೇಲೆ ಮನೆಯ ಬಳಕೆ 0.4 ಕಿಲೋವ್ಯಾಟ್‌ಗೆ ಇಳಿದರೆ ಅದೇ ಟಿಸಿ ಒಟ್ಟಿಗೆ 17 ಕಾರು ಹೊರುತ್ತದೆ. ದಿನಕ್ಕೆ 7 ಯೂನಿಟ್ ಸಾಕೆನ್ನುವ ಕಾರಿಗೆ ಎರಡು ಗಂಟೆ ಚಿಲ್ಲರೆ ಸಾಕಾಗುವುದರಿಂದ, ಸರದಿಯ ಮೇಲೆ ಚಾರ್ಜ್ ಮಾಡಿಕೊಂಡರೆ ಬೀದಿಯ ಬಹುಪಾಲು ಮನೆಗಳಿಗೆ ದಕ್ಕುತ್ತದೆ.

ಜನ ಮರೆಯುವುದು ಫೇಸ್ ಹಂಚಿಕೆಯನ್ನು. ಸಂಜೆಯ ಆ ನಾಲ್ಕು ಕಾರೂ ಒಂದೇ ಫೇಸಿಗೆ ಬಿದ್ದರೆ? ಆ ಫೇಸಿನಲ್ಲಿ ಆಗಲೇ 89 ಆಂಪ್ ಹರಿಯುತ್ತಿದೆ, ಕಾರಿಗೆ 14ರಂತೆ ಇನ್ನೂ 56: ಒಟ್ಟು 145. ಟಿಸಿಯಲ್ಲಿ ಜಾಗ ಇದ್ದೂ ಆ ಫೇಸು 133ರ ಮಿತಿ ದಾಟಿ ಫ್ಯೂಸ್ ಹೋಗಬಹುದು. ನ್ಯೂಟ್ರಲ್‌ನಲ್ಲೂ ಕರೆಂಟ್ ಏರುತ್ತದೆ. ಅದರ ಜಂಪರ್ (ಜೋಡಿಸುವ ತುಂಡು ತಂತಿ) ಸಡಿಲವಿದ್ದರೆ ಕಾದು ಕಡಿಯುತ್ತದೆ. ಆಗ ಲೋಡ್ ಕಡಿಮೆ ಇರುವ ಫೇಸಿನ ಮನೆಗಳಿಗೆ 300 ವೋಲ್ಟ್ ದಾಟಿ ನುಗ್ಗಬಹುದು, ಟಿವಿ ಫ್ರಿಜ್ ಎಲ್ಲ ಒಟ್ಟಿಗೆ ಸುಡುತ್ತವೆ. ಮೇನ್‌ನಲ್ಲಿ 270 ವೋಲ್ಟ್‌ಗೆ ಕಡಿತವಾಗುವ ಓವರ್-ಅಂಡರ್ ವೋಲ್ಟೇಜ್ ರಿಲೇ ಹಾಕಿಸಿ. ಕಾರು ಇಲ್ಲದವರೂ ಹಾಕಿಸಬಹುದಾದ ವಸ್ತು ಅದು.

ಲೈನ್ ಎಷ್ಟು ಗಟ್ಟಿ ಎಂದು ತಿಳಿಯಲು ಗೀಸರ್ ಸಾಕು. ಸಂಜೆ ಏಳೂವರೆಗೆ, ಮೀಟರ್ ಪಕ್ಕದ ಮೇನ್ ಬೋರ್ಡಿನಲ್ಲಿ ಎಲೆಕ್ಟ್ರಿಷಿಯನ್‌ರಿಂದ ವೋಲ್ಟೇಜ್ ಅಳೆಸಿ. 2 ಕಿಲೋವ್ಯಾಟ್ ಗೀಸರ್ ಹಾಕಿ ಮತ್ತೆ ಅಳೆಸಿ. 4 ವೋಲ್ಟ್ ಇಳಿದರೆ, 3.3 ಕಿಲೋವ್ಯಾಟ್ ಚಾರ್ಜಿಂಗ್‌ಗೆ ಸುಮಾರು ಆರೂವರೆ ಇಳಿಯುತ್ತದೆ, 7.2ಕ್ಕೆ ಹದಿನಾಲ್ಕರ ಮೇಲೆ. ಮನೆಗೆ ಬರಬೇಕಾದದ್ದು 230 ವೋಲ್ಟ್, ಶೇ 6 ಹೆಚ್ಚು ಕಡಿಮೆ. ಕೆಳಗಿನ ಗಡಿ 216. ಶುರುವಿನಲ್ಲೇ 225 ಇದ್ದ ಮನೆಗೆ ದೊಡ್ಡ ಚಾರ್ಜರ್ ಬೇಡ. ಮೇನ್‌ನಲ್ಲಿ ಇಳಿಯದೆ ಸಾಕೆಟ್‌ನಲ್ಲಿ ಮಾತ್ರ ಇಳಿದರೆ ದೋಷ ನಿಮ್ಮ ಮನೆಯ ವೈರಿಂಗ್‌ನದು, ಕರೆಂಟು ಪೂರೈಸುವ ಕಂಪನಿ ಸೆಸ್ಕ್‌ನದಲ್ಲ.

ನಮ್ಮ ಅಭಿಪ್ರಾಯ ನೇರ: ಊರೊಳಗೆ ಓಡಾಡುವವರಿಗೆ 7.2 ಕಿಲೋವ್ಯಾಟ್ ಅನಗತ್ಯ. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ 3.3ರಲ್ಲಿ 19 ಯೂನಿಟ್ ತುಂಬುತ್ತದೆ. ದಿನಾ ಮೈಸೂರು-ಮಂಡ್ಯ ಹೋಗಿ ಬರುವವರಿಗೂ, ಅಂದರೆ ಸುಮಾರು 90 ಕಿ.ಮೀ.ಗೆ, ಸಾಕು. ಐದಕ್ಕೇ ನಿಲ್ಲಿಸಿ ಎನ್ನುವುದಕ್ಕೆ ಕಾರಣ, ನಮ್ಮೂರುಗಳಲ್ಲಿ ಆರರಿಂದ ಗೀಸರ್‌ಗಳ ಹೊತ್ತು. ಕಾರಿನ ಆ್ಯಪ್‌ನಲ್ಲೇ ಸಮಯ ನಿಗದಿ ಮಾಡಿ. ಪಕ್ಕದ ಮನೆಯಲ್ಲೂ ಕಾರಿದ್ದರೆ ಒಬ್ಬರು ಹನ್ನೊಂದು, ಇನ್ನೊಬ್ಬರು ಎರಡು ಗಂಟೆ ಎಂದು ಮಾತಾಡಿಕೊಳ್ಳಿ.

ಬಿಲ್‌ನಲ್ಲಿ ಮಂಜೂರಾದ ಲೋಡ್ ನೋಡಿ. 2 ಅಥವಾ 3 ಕಿಲೋವ್ಯಾಟ್ ಇದ್ದರೆ ಆರ್.ಆರ್. ನಂಬರ್ ಬರೆದು ಸೆಕ್ಷನ್ ಆಫೀಸಿನಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಿ. ನಿಗದಿತ ಶುಲ್ಕ ತಿಂಗಳಿಗಿಷ್ಟು ಏರುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಆದರೆ ಇಲಾಖೆಯ ಕಾಗದದಲ್ಲಿ ಆ ಲೋಡ್ ಇಲ್ಲದಿದ್ದರೆ 63ರ ಜಾಗಕ್ಕೆ 100 ಕೆವಿಎ ಟಿಸಿ ಕೇಳಲು ಆಧಾರವೇ ಇರುವುದಿಲ್ಲ. 7.2 ಬೇಕೇ ಬೇಕೆಂದರೆ ಮೂರು ಫೇಸ್ ಸಂಪರ್ಕ ಕೇಳಿ, ಯಾವ ಫೇಸಿನಲ್ಲಿ ಲೋಡ್ ಕಡಿಮೆಯೋ ಅದಕ್ಕೆ ಚಾರ್ಜರ್ ಕೊಡಿಸಿ. ಗೃಹಜ್ಯೋತಿ ನಂಬಿಕೊಂಡವರಿಗೆ ಒಂದು ಮಾತು: ತಿಂಗಳಿಗೆ 1,200 ಕಿ.ಮೀ. ಓಡಿಸಿದರೆ ಕಾರೊಂದೇ 200 ಯೂನಿಟ್ ಮುಟ್ಟುತ್ತದೆ, ಅದು ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ವೈರಿಂಗ್‌ನಲ್ಲಿ ಜಿಪುಣತನ ಬೇಡ. 3.3ಕ್ಕೆ ಮೇನ್‌ನಿಂದ ನೇರ 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪ್ ಎಂಸಿಬಿ, 7.2ಕ್ಕೆ 6 ಚದರ ಮಿ.ಮೀ., ದೂರ 20 ಮೀಟರ್ ದಾಟಿದರೆ 10, ಮತ್ತು 40 ಆಂಪ್ ಎಂಸಿಬಿ. ಎರಡಕ್ಕೂ 30 ಮಿಲಿಆಂಪ್‌ನ ಟೈಪ್ ಎ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿತ ಮಾಡುವ ಸ್ವಿಚ್). ಮನೆಯ ಸಾಮಾನ್ಯ 16 ಆಂಪ್ ಸಾಕೆಟ್ ಹತ್ತು ನಿಮಿಷದ ಗೀಸರ್‌ಗೆ ಆಗಬಹುದು. ಐದು ಗಂಟೆ 14 ಆಂಪ್ ಹರಿದರೆ ಸಡಿಲ ಸ್ಕ್ರೂ ಇರುವ ಕಡೆ ಪ್ಲಾಸ್ಟಿಕ್ ಕಂದಾಗಿ ಕರಗತೊಡಗುತ್ತದೆ. ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಮೊದಲ ರಾತ್ರಿ ಒಂದು ಗಂಟೆಯಾದ ಮೇಲೆ ಕೈ ಇಟ್ಟು ನೋಡಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ನಿಲ್ಲಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತೇ ಬೇಡ.

ಕಾರು ಚಾರ್ಜೇ ಆಗುತ್ತಿಲ್ಲ ಎಂಬ ದೂರಿಗೆ ಸಾಮಾನ್ಯ ಕಾರಣ ಅರ್ತಿಂಗ್. ಫೇಸ್-ಅರ್ತ್ ನಡುವೆ 230ರ ಆಸುಪಾಸು, ನ್ಯೂಟ್ರಲ್-ಅರ್ತ್ ನಡುವೆ 2-3 ವೋಲ್ಟ್ ಒಳಗೆ ಇರಬೇಕು. ಬೇಸಿಗೆಯಲ್ಲಿ ಗುಂಡಿ ಒಣಗಿ ಇದು ಕೆಡುತ್ತದೆ. ಎರಡೂವರೆ ಮೀಟರ್ ಜಿಐ ಪೈಪ್‌ನ ಹೊಸ ಗುಂಡಿ ತೆಗೆಸಿ, 5 ಓಮ್ ಒಳಗೆ ಬರುವವರೆಗೆ ಬಿಡಬೇಡಿ. ನ್ಯೂಟ್ರಲ್ಲನ್ನೇ ಅರ್ತ್ ಪಿನ್‌ಗೆ ಸೇರಿಸಿ ‘ಸರಿ ಮಾಡುವ’ ಎಲೆಕ್ಟ್ರಿಷಿಯನ್ ಸಿಕ್ಕರೆ ಮನೆಗೆ ಕಳಿಸಿ. ನ್ಯೂಟ್ರಲ್ ಕಡಿದ ದಿನ ಕಾರಿನ ಮೈಯೆಲ್ಲ ಕರೆಂಟು.

ತೋಟದ ಮನೆಯವರು ಪಂಪ್‌ಸೆಟ್ ಲೈನಿನಿಂದ ಕಾರಿಗೆ ಎಳೆಯಬೇಡಿ. ಐಪಿ ಸೆಟ್‌ಗೆ ಕೊಟ್ಟ ಕರೆಂಟನ್ನು ಬೇರೆಯದಕ್ಕೆ ಬಳಸುವುದು ಅಪರಾಧ ಎನ್ನುವುದು ಒಂದು ಕಡೆ. ಮೂರು ಫೇಸ್ ಹೋದ ಮೇಲೂ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸುವವರು ಇರುವ ಲೈನಿನಲ್ಲಿ ವೋಲ್ಟೇಜ್ ಕುಸಿಯುತ್ತಲೇ ಇರುತ್ತದೆ, ಚಾರ್ಜರ್ ನಿಂತು ನಿಂತು ಶುರುವಾಗುತ್ತದೆ. ಹಳ್ಳಿ ಮನೆಗಳಿಗೆಂದೇ ಪಂಪ್‌ಸೆಟ್‌ನಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಲೈನಿನ ಮನೆ ಮೀಟರ್‌ನಿಂದಲೇ ಕೊಡಿ. ಅಲ್ಲೂ ಕರೆಂಟು ಹೋಗಿ ಬಂದಾಗ ಎಲ್ಲರ ಫ್ರಿಜ್, ಮೋಟಾರ್ ಒಟ್ಟಿಗೆ ಎದ್ದು ಎಚ್‌ಜಿ ಫ್ಯೂಸ್ (ಟಿಸಿಗೆ ಬರುವ ಹೈಟೆನ್ಷನ್ ಲೈನಿನ ಫ್ಯೂಸ್) ಹಾರುವುದುಂಟು. ಚಾರ್ಜರ್‌ನಲ್ಲಿ ಹತ್ತು ನಿಮಿಷ ತಡವಾಗಿ ಶುರುವಾಗುವ ಸೆಟ್ಟಿಂಗ್ ಇದ್ದರೆ ಹಾಕಿಡಿ. ಟಿಸಿಯೇ ಸುಟ್ಟರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.