ಮೊದಲ ಹಡಗು ಹತ್ತು ಇಂಚಿನದಿರಲಿ

ಮರದ ಹಡಗಿನ ಮಾದರಿ ಕಟ್ಟುವ ಆಸೆ ಹತ್ತಿದವರ ಕಣ್ಣು ಮೊದಲು ಬೀಳುವುದು ‘ವಿಕ್ಟರಿ’ಯ ಮೇಲೆ. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಇದ್ದ ಹಡಗು ಅದು. ಮೂರು ಹಾಯಿಕಂಬ, 104 ಫಿರಂಗಿ. ಒಂದಕ್ಕೆ ನಾಲ್ಕರಂತೆ ಗಾಲಿ ಮಾಡಹೊರಟರೆ ಗಾಲಿಗಳೇ 416! ಅಂಥ ಹಡಗಿನ ಬಿಡಿಭಾಗಗಳ ಪೆಟ್ಟಿಗೆ, ಅಂದರೆ ಕಿಟ್, ತಂದವರಲ್ಲಿ ಬಹಳ ಮಂದಿ ಅರ್ಧಕ್ಕೇ ಬಿಟ್ಟು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಸದ್ಯಕ್ಕೆ ಅದರ ತಂಟೆ ಬೇಡ.

ಡೋರಿಯಿಂದ ಶುರು ಮಾಡಿ. ನ್ಯೂಫೌಂಡ್‌ಲೆಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಕಾಡ್ ಮೀನು ಹಿಡಿಯಲು ದೊಡ್ಡ ಹಾಯಿಹಡಗುಗಳು ಹೊತ್ತೊಯ್ಯುತ್ತಿದ್ದ ಚಪ್ಪಟೆ ತಳದ ದೋಣಿ ಇದು. ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ 1793ರಲ್ಲಿ ಆರಂಭವಾದ ಲೊವೆಲ್ ದೋಣಿ ಕಾರ್ಖಾನೆ ಹೆಸರು ಮಾಡಿದ್ದು ಡೋರಿಗಳಿಂದಲೇ. ಮಾಡೆಲ್ ಶಿಪ್‌ವೇಸ್ ಕಂಪನಿ ಆ ಡೋರಿಯ ಕಿಟ್ ಅನ್ನು 1:24 ಅಳತೆಯಲ್ಲಿ ತಂದಿದೆ. ಅಂದರೆ ನಿಜದ ದೋಣಿಯ ಎರಡು ಅಡಿ ಮಾದರಿಯಲ್ಲಿ ಒಂದು ಇಂಚು. 20 ಅಡಿಯ ದೋಣಿ ಹತ್ತು ಇಂಚಿಗೆ ಇಳಿಯುತ್ತದೆ. ಊಟದ ಮೇಜಿನ ಒಂದು ಮೂಲೆ ಸಾಕು.

ಸಲಕರಣೆಗೆ ಹೆಚ್ಚು ದುಡ್ಡು ಸುರಿಯಬೇಡಿ. ಚೂಪಾದ ಹಾಬಿ ಚಾಕು, ಉಕ್ಕಿನ ಸ್ಕೇಲು, ಚಿಮುಟ, 120, 220, 320 ನಂಬರಿನ ಸ್ಯಾಂಡ್ ಪೇಪರ್, ಫೆವಿಕಾಲ್, ಎರಡು ಡಜನ್ ಬಟ್ಟೆ ಕ್ಲಿಪ್. ಚಾಕುವಿನ ಬ್ಲೇಡ್ ಮಾತ್ರ ಆಗಾಗ ಬದಲಿಸುತ್ತಿರಿ. ಮೊಂಡಾದ ಬ್ಲೇಡೇ ಜಾರಿ ಬೆರಳು ಕುಯ್ಯುವುದು.

ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬಾಸ್‌ವುಡ್ ಎಂಬ ಮೃದು ಮರ ಇರುತ್ತದೆ. ಸ್ವಂತ ಮರದಲ್ಲೇ ಮಾಡುತ್ತೇನೆನ್ನುವವರಿಗೆ ಒಂದು ಮಾತು: ಬಾಲ್ಸಾ ಎಂಬ ಹಗುರ ಮರ ಉಗುರು ತಾಗಿದರೂ ತಗ್ಗು ಬೀಳುತ್ತದೆ. ತೇಗ ಬೇರೆ ಥರದ ಸಮಸ್ಯೆ. 1817ರಲ್ಲಿ ಮುಂಬೈಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ನೀರಿನ ಮೇಲಿದೆ, ನಿಜ. ಆದರೆ ಹತ್ತಿಂಚಿನ ದೋಣಿಯಲ್ಲಿ ತೇಗದ ಒರಟು ಗೆರೆಗಳು ಹಗ್ಗದಷ್ಟು ದಪ್ಪ ಕಾಣುತ್ತವೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರದ ನಾರು ನಯ. ಹುಟ್ಟಿನಂಥ ಸಣ್ಣ ತುಂಡಿಗೆ ಅದನ್ನು ಪ್ರಯತ್ನಿಸಬಹುದು.

ಇನ್ನು ಕೆಲಸ. ಮೊದಲು ತಳದ ಹಲಗೆ, ಅದರ ಮೇಲೆ ಅಡ್ಡಡ್ಡಕ್ಕೆ ಪಕ್ಕೆಲುಬುಗಳು. ಪ್ರತಿಯೊಂದನ್ನೂ ಲಂಬಕೋನಕ್ಕೆ ಹಿಡಿದು ಅಂಟಿಸಿ. ಒಣಗಿದ ಮೇಲೆ ತೆಳ್ಳನೆಯ ಪಟ್ಟಿಯೊಂದನ್ನು ಮುಂತುದಿಯಿಂದ ಹಿಂತುದಿಯವರೆಗೆ ಪಕ್ಕೆಲುಬುಗಳ ಮೇಲೆ ಬಾಗಿಸಿ ಹಿಡಿದು, ಬೆಳಕಿಗೆ ಅಡ್ಡವಾಗಿಟ್ಟು ನೋಡಿ. ಪಟ್ಟಿ ಎಲ್ಲ ಪಕ್ಕೆಲುಬುಗಳಿಗೂ ಅಂಟಿಕೊಂಡು ಕೂತಿರಬೇಕು. ಎಲ್ಲೋ ಎತ್ತಿದಂತಾದರೆ ಅಲ್ಲಿ ಉಜ್ಜಿ. ಬೆಳಕು ತೂರಿ ಬಂದರೆ ಆ ಪಕ್ಕೆಲುಬಿಗೆ ಒಂದು ಚೂರು ಮರ ಅಂಟಿಸಿ ಸಮ ಮಾಡಿ. ಈ ಹಂತ ಬೇಸರದ್ದು. ಹಾರಿಸಿದರೆ ಪಕ್ಕದ ಹಲಗೆ ಕೂರುವುದಿಲ್ಲ.

ಹಲಗೆ ಬಾಗಿಸುವುದರಲ್ಲಿ ಇಡೀ ವಿದ್ಯೆ ಅಡಗಿದೆ. ಹಲಗೆಯ ಪಟ್ಟಿಯನ್ನು ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ, ದೋಣಿಯ ಮೈಗೇ ಬಳಸಿ, ಕ್ಲಿಪ್ ಹಾಕಿ, ರಾತ್ರಿಯಿಡೀ ಬಿಡಿ. ಹಸಿಯಾಗಿರುವಾಗ ಅಂಟಿಸಬೇಡಿ. ನೀರು ಕುಡಿದ ಮರ ಅಗಲಕ್ಕೆ ಉಬ್ಬಿರುತ್ತದೆ. ಒಣಗಿ ಕುಗ್ಗಿದಾಗ ಸಂದು ಬಾಯಿ ತೆರೆಯುತ್ತದೆ. ಬೆಳಿಗ್ಗೆ ಕ್ಲಿಪ್ ತೆಗೆದಾಗ ಪಟ್ಟಿ ತುಸು ಬಿಚ್ಚಿಕೊಂಡರೂ ಬಾಗು ಉಳಿದಿರುತ್ತದೆ. ಆಗ ಅಂಟು.

ಡೋರಿಯ ಹಲಗೆಗಳು ಮಂಗಳೂರು ಹೆಂಚಿನ ಥರ: ಮೇಲಿನದರ ಕೆಳಅಂಚು ಕೆಳಗಿನದರ ಮೇಲೆ ಹೊರಗಿನಿಂದ ಕೂರುತ್ತದೆ. ಹಾಗಾಗಿ ತಳದಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಎಡಕ್ಕೊಂದು, ಬಲಕ್ಕೊಂದು. ನಾನು ಮೊದಲ ದೋಣಿಯಲ್ಲಿ ಉತ್ಸಾಹಕ್ಕೆ ಬಿದ್ದು ಎಡಮಗ್ಗುಲನ್ನು ಪೂರ್ತಿ ಮುಗಿಸಿಬಿಟ್ಟೆ. ಮೇಲಿಂದ ನೋಡಿದರೆ ನೇಂದ್ರ ಬಾಳೆಕಾಯಿ! ಬಲಗಡೆ ಹಲಗೆ ಎಷ್ಟು ಎಳೆದರೂ ಅದು ನೆಟ್ಟಗಾಗಲಿಲ್ಲ.

ಅಂಟು ಸೂಜಿಮೊನೆಯಷ್ಟು ಸಾಕು. ಹೊರಗೆ ಉಕ್ಕಿದ್ದನ್ನು ಆಗಲೇ ಒದ್ದೆ ಬ್ರಷ್‌ನಿಂದ ಒರೆಸಿ. ಇಲ್ಲವಾದರೆ ಆಮೇಲೆ ಬಣ್ಣದೆಣ್ಣೆ ಹಚ್ಚಿದಾಗ ಆ ಜಾಗ ಬಣ್ಣ ಹೀರದೆ ಬಿಳಿ ತೊನ್ನಿನಂತೆ ಉಳಿಯುತ್ತದೆ. ಉಜ್ಜುವುದು, ಬಣ್ಣ ಬಳಿಯುವುದು ನಿಮಗೆ ಗೊತ್ತಿದ್ದದ್ದೇ: ದಪ್ಪದೊಂದು ಪದರಕ್ಕಿಂತ ತೆಳುವಾದ ಎರಡು ಮೇಲು.

ಕೊನೆಗೆ ಕೂರುವ ಅಡ್ಡಹಲಗೆಗಳು. ಕೈಪಿಡಿ ಏನೇ ಹೇಳಲಿ, ಅವನ್ನು ಅಂಟಿಸದೆ ಸುಮ್ಮನೆ ಇಡಿ. ಹಡಗಿನ ಮೇಲೆ ಮೀನುಗಾರರು ಅಡ್ಡಹಲಗೆ ತೆಗೆದಿಟ್ಟು ಡೋರಿಗಳನ್ನು ಲೋಟದೊಳಗೆ ಲೋಟ ಇಟ್ಟ ಹಾಗೆ ಪೇರಿಸುತ್ತಿದ್ದರು. ಎರಡನೆಯದನ್ನು ಕಟ್ಟಿದ ದಿನ ಅದನ್ನು ಮೊದಲನೆಯದರೊಳಗೆ ಕೂರಿಸಿ ನೋಡಿ.