ಎಡಪುಟ, ಬಲಪುಟ: ಬ್ಯಾಂಕಿನ ಹೆಸರು ಕಾಯಲು ನಾನು ಓದಿದ ರೀತಿ

2019ರ ಸೆಪ್ಟೆಂಬರ್ ಕೊನೆಯ ವಾರ. ಮುಂಬೈನ ಪಿಎಂಸಿ ಅನ್ನೋ ಸಹಕಾರಿ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿತ್ತು. ಒಂದು ಖಾತೆಯಿಂದ 1,000 ರೂಪಾಯಿಗಿಂತ ಜಾಸ್ತಿ ತೆಗೆಯುವ ಹಾಗಿಲ್ಲ ಅನ್ನೋ ಸುದ್ದಿ ಟಿವಿಯಲ್ಲಿ ಓಡುತ್ತಿತ್ತು. ನಾನು ಕೆಲಸ ಮಾಡುವುದು ಮಧ್ಯ ಕರ್ನಾಟಕದ ಒಂದು ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ. ನಮಗೂ ಮುಂಬೈಗೂ ಏನೂ ಸಂಬಂಧ ಇಲ್ಲ. ಆದರೂ ಎರಡೇ ದಿನದಲ್ಲಿ ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲಿ ನಮ್ಮ ಬ್ಯಾಂಕಿನ ಹೆಸರೂ ಸೇರಿಕೊಂಡಿತು.

ಪತ್ರಿಕಾ ಪ್ರಕಟಣೆ, ಜಾಹೀರಾತು, ಮಹಾಸಭೆಯ ವರದಿ ಬರೆಯುವ ಕೆಲಸ ನನ್ನದು. ಅವತ್ತು ಬೆಳಿಗ್ಗೆ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡ್ ಬರೆಸಿದೆ: ‘ಬ್ಯಾಂಕು ಸುಭದ್ರವಾಗಿದೆ. ವದಂತಿಗಳಿಗೆ ಕಿವಿಗೊಡಬೇಡಿ.’ ಬಾಗಿಲ ಪಕ್ಕ ನಿಲ್ಲಿಸಿದೆವು. ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬ ಯಜಮಾನರು ಅದನ್ನು ಜೋರಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಎಲ್ಲಾ ಸರಿ ಇದ್ರೆ ಬೋರ್ಡ್ ಯಾಕಮ್ಮ ಹಾಕೀರಿ?”

ನನಗೆ ಉತ್ತರ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂದಿತ್ತು. ಕೇಳಿದವರಿಗೆಲ್ಲಾ ದುಡ್ಡು ಕೊಟ್ಟೆವು. ನಾಲ್ಕು ದಿನದಲ್ಲಿ ತಣ್ಣಗಾಯಿತು. ಆದರೆ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಅಲ್ಲಿಯವರೆಗೂ ನಾನು ಓದುತ್ತಿರಲಿಲ್ಲ ಅಂತಲ್ಲ. ನಾಯಕತ್ವ, ಬ್ರ್ಯಾಂಡ್, ಮಾಧ್ಯಮ ನಿರ್ವಹಣೆ ಅಂತ ಹೆಸರಿರುವ ಏನೇನೋ ಮೇಲ್‌ಗಳಿಗೆ ಚಂದಾದಾರಳಾಗಿದ್ದೆ. ದಿನಕ್ಕೆ ಹತ್ತು ಬರುತ್ತಿದ್ದವು. ಓದುವಾಗ ಎಲ್ಲವೂ ಹೌದು ಹೌದು ಅನಿಸುತ್ತಿತ್ತು. ಸಾಲು ರಸ್ತೆಗೆ ಬಂದ ದಿನ ಅದರಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಆ ಭಾನುವಾರ ಕೂತು ಎಲ್ಲವನ್ನೂ ತೆಗೆದುಹಾಕಿದೆ. ನಮ್ಮ ಹಾಗೇ ಬಾಗಿಲಲ್ಲಿ ಸಾಲು ನಿಂತ ಒಂದೇ ಒಂದು ಬ್ಯಾಂಕಿನ ಕಥೆಯನ್ನು ಪೂರ್ತಿ ಓದೋಣ ಅಂದುಕೊಂಡೆ.

ಸಿಕ್ಕಿದ್ದು ಇಂಗ್ಲೆಂಡಿನ ನಾರ್ದರ್ನ್ ರಾಕ್. 2007ರ ಸೆಪ್ಟೆಂಬರ್ 13ರ ರಾತ್ರಿ, ಈ ಬ್ಯಾಂಕು ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಹತ್ತಿರ ತುರ್ತು ನೆರವು ಕೇಳಿದೆ ಅಂತ ಬಿಬಿಸಿ ಸುದ್ದಿ ಹೇಳಿತು. ಮಾರನೇ ದಿನ ಬೆಳಿಗ್ಗೆ ಶಾಖೆಗಳ ಮುಂದೆ ಸಾಲು. ಅಲ್ಲಿನ ಸಂಸತ್ತಿನ ಖಜಾನೆ ಸಮಿತಿ ಇದರ ಬಗ್ಗೆ 2008ರ ಜನವರಿಯಲ್ಲಿ ದೊಡ್ಡ ವರದಿ ಕೊಟ್ಟಿದೆ. ಬಿಟ್ಟಿಯಾಗಿ ಸಿಗುತ್ತದೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ಮೂರು ಭಾನುವಾರ ಬೇಕಾಯಿತು.

ಮೂರು ಭಾನುವಾರಕ್ಕೂ ಬೆಲೆ ಸಿಕ್ಕಿತು. ಬ್ಯಾಂಕಿಗೆ ಬೆಂಬಲ ಇದೆ ಅಂತ ದೊಡ್ಡವರು ಹೇಳಿದ್ದರೂ ಸಾಲು ಕರಗಿರಲಿಲ್ಲ. ಯಾಕೆ ಅಂದರೆ ಅವತ್ತು ಆ ದೇಶದಲ್ಲಿ ಠೇವಣಿಗೆ ಪೂರ್ತಿ ವಿಮೆ, ಅಂದರೆ ಬ್ಯಾಂಕು ಮುಳುಗಿದರೂ ದುಡ್ಡು ವಾಪಸ್ ಸಿಗುವ ಖಾತರಿ, ಇದ್ದದ್ದು ಮೊದಲ 2,000 ಪೌಂಡಿಗೆ ಮಾತ್ರ. ಆಮೇಲಿನ 33,000 ಪೌಂಡಿಗೆ ಶೇ 90ರಷ್ಟು. ಅಂದರೆ ಸಾಲಿನಲ್ಲಿ ನಿಂತವರು ಹೆದರುಪುಕ್ಕಲರಲ್ಲ, ಲೆಕ್ಕ ಗೊತ್ತಿದ್ದವರು. 17ರಂದು ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಠೇವಣಿಗಳಿಗೆ ಸರ್ಕಾರದ ಖಾತರಿ ಕೊಟ್ಟ ಮೇಲೆಯೇ ಜನ ಮನೆಗೆ ಹೋದದ್ದು.

ನನ್ನ ಬೋರ್ಡಿನ ತಪ್ಪು ಆಗ ತಿಳಿಯಿತು. ನಾನು ಬರೆದದ್ದು ಬ್ಯಾಂಕಿನ ಬಗ್ಗೆ. ಯಜಮಾನರು ಕೇಳುತ್ತಿದ್ದದ್ದು ಅವರ ದುಡ್ಡಿನ ಬಗ್ಗೆ. ಠೇವಣಿ ವಿಮೆ ನಮ್ಮಲ್ಲಿ ಆಗ ಒಬ್ಬರಿಗೆ 1 ಲಕ್ಷ ರೂಪಾಯಿ ಇತ್ತು. 2020ರ ಫೆಬ್ರವರಿ 4ರಿಂದ 5 ಲಕ್ಷ ಆಯಿತು. ಆ ಅಂಕಿಯನ್ನೇ ನಾನು ಬೋರ್ಡಿನಲ್ಲಿ ಬರೆದಿರಲಿಲ್ಲ. ಚಿಕ್ಕ ಮೊತ್ತ, ಹೇಳಿದರೆ ಜನ ಇನ್ನೂ ಹೆದರುತ್ತಾರೆ ಅಂತ ಸುಮ್ನೆ ಮುಚ್ಚಿಟ್ಟಿದ್ದೆ.

ಅಲ್ಲಿಂದ ನನ್ನ ಓದಿನ ರೀತಿ ಬದಲಾಯಿತು. ಒಂದು ದಪ್ಪ ಲಾಂಗ್‌ಬುಕ್ ತಂದೆ. ಒಂದು ಪ್ರಕರಣಕ್ಕೆ ಎದುರುಬದುರು ಎರಡು ಪುಟ. ಎಡಪುಟದಲ್ಲಿ ಮೊದಲ ದಿನ ಯಾರು ಏನು ಹೇಳಿದರು ಅನ್ನುವುದು. ಬಲಪುಟದಲ್ಲಿ ಆಮೇಲೆ ಗೊತ್ತಾಗಿದ್ದು. ಎಡಪುಟಕ್ಕೆ ಆ ದಿನದ ಪೇಪರ್ ಬೇಕು. ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳ ಬೈಂಡ್ ತೆಗೆಸಿ ಕೂರುತ್ತೇನೆ, ಬೇರೆ ದೇಶದ್ದಾದರೆ ಮೊಬೈಲಿನಲ್ಲಿ. ಬಲಪುಟಕ್ಕೆ ತನಿಖಾ ವರದಿ, ಕೋರ್ಟ್ ಆದೇಶ ಅಥವಾ ಮೂಲ ಪತ್ರ. ನಡುವೆ ಬರುವ ವಿಶ್ಲೇಷಣೆಗಳನ್ನು ನಾನು ಹೆಚ್ಚು ಓದುವುದಿಲ್ಲ.

ಸತ್ಯಂ ಅನ್ನುವ ಸಾಫ್ಟ್‌ವೇರ್ ಕಂಪನಿಯ ಪುಟ ನೋಡಿ. ಎಡಗಡೆ: 2008ರಲ್ಲಿ ಉತ್ತಮ ಆಡಳಿತಕ್ಕೆಂದು ಪ್ರಶಸ್ತಿ. ಬಲಗಡೆ: 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ಬರೆದ ಪತ್ರ. ಲೆಕ್ಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ. ಹುಲಿ ಮೇಲೆ ಸವಾರಿ ಮಾಡಿದ ಹಾಗಿತ್ತು, ಇಳಿದರೆ ತಿನ್ನುತ್ತದೆ, ಇಳಿಯುವುದು ಹೇಗೆ ಅಂತ ತಿಳಿಯಲಿಲ್ಲ ಅನ್ನುವ ಅರ್ಥದ ಸಾಲು ಅದರಲ್ಲಿದೆ. ಈ ಎರಡು ಪುಟ ಬರೆದ ಮೇಲೆ ಪ್ರಶಸ್ತಿ ಪಡೆದ ನಾಯಕರ ಸಂದರ್ಶನಗಳನ್ನು ಓದುವುದು ನಿಂತೇ ಹೋಯಿತು.

2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಎಡಪುಟವನ್ನು ಆಯಾ ದಿನವೇ ಬರೆದೆ. 9ನೇ ತಾರೀಖು ಸಿಇಒ ಗ್ರಾಹಕರಿಗೆ ಶಾಂತವಾಗಿರಿ ಅಂದರು. ಅದೇ ದಿನ 42 ಬಿಲಿಯನ್ ಡಾಲರ್ ಹೊರಟುಹೋಯಿತು. 10ಕ್ಕೆ ಬ್ಯಾಂಕು ಮುಚ್ಚಿತು. ಏಪ್ರಿಲ್ ಕೊನೆಗೆ ಆ ದೇಶದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ವರದಿ ಬಂತು. ಮಾರನೇ ದಿನಕ್ಕೆ ಇನ್ನೂ 100 ಬಿಲಿಯನ್ ಡಾಲರ್ ತೆಗೆಯುವ ಬೇಡಿಕೆ ಇತ್ತು ಅನ್ನುವುದು ಅದರಿಂದ ಬಲಪುಟಕ್ಕೆ ಸೇರಿತು. ‘ಶಾಂತವಾಗಿರಿ’ ಅನ್ನುವ ಪದದ ಪಕ್ಕದಲ್ಲಿ ನನ್ನ ಬೋರ್ಡಿನ ಸಾಲನ್ನೂ ಬರೆದಿಟ್ಟಿದ್ದೇನೆ.

ಮಾಧ್ಯಮದ ಬಗ್ಗೆ ಬರುವ ದೊಡ್ಡ ಸಮೀಕ್ಷೆಗಳಲ್ಲಿ ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ವಾರ್ಷಿಕ ವರದಿಯನ್ನು ತಪ್ಪದೇ ನೋಡುತ್ತೇನೆ. ಆದರೆ ಅದರಲ್ಲಿ ಭಾರತದ ಅಂಕಿಗಳು ಬರುವುದು ಹೆಚ್ಚಾಗಿ ಇಂಗ್ಲಿಷ್ ಬಲ್ಲ, ಇಂಟರ್‌ನೆಟ್ ಬಳಸುವ ಜನರಿಂದ. ವರದಿಯೇ ಅದನ್ನು ಹೇಳುತ್ತದೆ. ನಮ್ಮ ಕೌಂಟರಿಗೆ ಬರುವವರು ಅವರಲ್ಲ. ಅವರ ಮನಸ್ಸು ತಿಳಿಯಬೇಕಾದರೆ ನಾನು ಪ್ರಜಾವಾಣಿಯ ‘ವಾಚಕರ ವಾಣಿ’ ಓದುತ್ತೇನೆ, ಜಿಲ್ಲೆಯ ಪುಟ ಓದುತ್ತೇನೆ. ಬಸ್ಸಿನ ಬಗ್ಗೆ, ಪಡಿತರದ ಬಗ್ಗೆ ಜನ ಯಾವ ಮಾತಿನಲ್ಲಿ ಸಿಟ್ಟು ತೋರಿಸುತ್ತಾರೆ ಅಂತ ಗೊತ್ತಾದರೆ, ಬ್ಯಾಂಕಿನ ಬಗ್ಗೆ ಬಂದಾಗ ಅದೇ ಮಾತಿನಲ್ಲಿ ಉತ್ತರ ಬರೆಯಬಹುದು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಓದು ಅಂದರೆ ಆರ್‌ಬಿಐನ ಪತ್ರಿಕಾ ಪ್ರಕಟಣೆಗಳು. ಒಂದೊಂದು ಪುಟ ಇರುತ್ತವೆ ಅಷ್ಟೇ. ಸಹಕಾರಿ ಬ್ಯಾಂಕುಗಳಿಗೆ ದಂಡ ಹಾಕಿದ ಪ್ರಕಟಣೆಗಳು ಮೇಲಿಂದ ಮೇಲೆ ಬರುತ್ತವೆ. ಸಾಲಾಗಿ ಇಟ್ಟುಕೊಂಡು ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೊನೆಯ ಕಡೆ ಒಂದೇ ರೀತಿಯ ಮಾತು ಇರುತ್ತದೆ: ಈ ಕ್ರಮ ನಿಯಮ ಪಾಲನೆಯ ಕೊರತೆಗೆ ಸಂಬಂಧಿಸಿದ್ದು, ಗ್ರಾಹಕರ ಜೊತೆ ಬ್ಯಾಂಕು ಮಾಡಿಕೊಂಡ ವ್ಯವಹಾರದ ಸಿಂಧುತ್ವದ ಬಗ್ಗೆ ತೀರ್ಪಲ್ಲ. ಇನ್ನು ನಿರ್ಬಂಧ ಹಾಕಿದ ಪ್ರಕಟಣೆಗಳಲ್ಲಿ, ಇದನ್ನು ಲೈಸೆನ್ಸ್ ರದ್ದು ಎಂದು ತಿಳಿಯಬಾರದು ಅಂತ ಇರುತ್ತದೆ. ಜಿಲ್ಲಾ ಪುಟದ ಚಿಕ್ಕ ಸುದ್ದಿಯಲ್ಲಿ ಜಾಗ ಸಾಲದೆ ಮೊದಲು ಕತ್ತರಿಸಿ ಹೋಗುವುದು ಈ ಸಾಲುಗಳೇ. ಠೇವಣಿದಾರರಿಗೆ ಬೇಕಾದದ್ದೂ ಇವೇ.

ಕಳೆದ ವರ್ಷ ನಮ್ಮ ಬ್ಯಾಂಕಿಗೇ ದಂಡ ಬಿತ್ತು. ದೊಡ್ಡ ಮೊತ್ತವಲ್ಲ. ಗ್ರಾಹಕರ ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆಗಳ ಪರಿಶೀಲನೆ ಕಾಲಕ್ಕೆ ಸರಿಯಾಗಿ ಆಗಿರಲಿಲ್ಲ. ತಪ್ಪು ನಮ್ಮದೇ. ಸುದ್ದಿ ಸಂಜೆ ಬಂತು. ಅವತ್ತೇ ರಾತ್ರಿ ಅಧ್ಯಕ್ಷರ ಮನೆಗೆ ಹೋದೆ. “ನಾವು ಸುಮ್ಮನಿದ್ದರೆ ಆಗಲ್ವಾ ಮೇಡಂ? ಯಾರೂ ನೋಡದೇ ಇರಬಹುದು” ಅಂದರು. ಲಾಂಗ್‌ಬುಕ್ ಮುಂದಿಟ್ಟೆ. ಮೊದಲು ತೆಗೆದದ್ದು ಬ್ಯಾಂಕಿನ ಪುಟವಲ್ಲ, ಸತೀಶ್ ಧವನ್ ಅವರದ್ದು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಆದರೆ ಪತ್ರಕರ್ತರ ಮುಂದೆ ಕೂತು ಸೋಲನ್ನು ಒಪ್ಪಿಕೊಂಡದ್ದು ಇಸ್ರೋ ಅಧ್ಯಕ್ಷ ಧವನ್. 1980ರ ಜುಲೈ 18ರಂದು ಗೆದ್ದಾಗ “ನೀನು ಹೋಗಿ ಮಾತಾಡು” ಅಂತ ಕಲಾಂ ಅವರನ್ನೇ ಕಳಿಸಿದರು. ಕಲಾಂ ಇದನ್ನು ಊರೂರಲ್ಲಿ ಹೇಳಿದ್ದಾರೆ. ಎಷ್ಟೋ ಜನ ಕೇಳಿರುವ ಕಥೆಯೇ. ನಮ್ಮ ಅಧ್ಯಕ್ಷರೂ ಕೇಳಿದ್ದರು. ಆದರೂ ಪುಟವನ್ನು ಎರಡು ಸಲ ಓದಿದರು. “ಬೆಳಿಗ್ಗೆ ಒಂಬತ್ತೂವರೆಗೆ ಕೌಂಟರ್ ಹತ್ತಿರ ಕೂರ್ತೀನಿ, ಬಿಡಿ” ಅಂದರು.

ರಾತ್ರಿ ಹನ್ನೊಂದರವರೆಗೆ ಕೂತು ಒಂದು ಹಾಳೆ ಬರೆದೆ. ದಂಡ ಎಷ್ಟು, ಯಾವ ತಪ್ಪಿಗೆ, ಅದನ್ನು ಯಾವಾಗ ಸರಿ ಮಾಡುತ್ತೇವೆ. ದಂಡ ಹೋಗುವುದು ಬ್ಯಾಂಕಿನ ಲಾಭದಿಂದ, ನಿಮ್ಮ ಠೇವಣಿಯಿಂದಲ್ಲ. ಆರ್‌ಬಿಐನ ಆ ಕೊನೆಯ ಸಾಲು ಕನ್ನಡದಲ್ಲಿ. 5 ಲಕ್ಷದವರೆಗೆ ವಿಮೆ ಇದೆ, ಅದಕ್ಕಿಂತ ಜಾಸ್ತಿ ಇದ್ದರೆ ಆ ಹೆಚ್ಚಿನ ಹಣಕ್ಕೆ ಇಲ್ಲ ಅನ್ನುವುದೂ ಸೇರಿಸಿದೆ. ‘ಸುಭದ್ರ’ ಅನ್ನುವ ಪದ ಎಲ್ಲೂ ಬರಲಿಲ್ಲ.

ಬೆಳಿಗ್ಗೆ ಮೊದಲ ಪ್ರತಿಗಳನ್ನು ಪೇಪರಿನವರಿಗೂ ಕೊಡಲಿಲ್ಲ, ಬಾಗಿಲಿಗೂ ಅಂಟಿಸಲಿಲ್ಲ. ಪಿಗ್ಮಿ ಕಲೆಕ್ಟರ್‌ಗಳಿಗೆ ಕೊಟ್ಟೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅನಿಸಿಕೊಂಡ ಬ್ಯಾಂಕಿನವರು ದಿನಕ್ಕೆ ಎರಡಾಣೆ ಸಂಗ್ರಹಿಸಲು ಮನೆಬಾಗಿಲಿಗೆ ಹೋದಾಗ ಶುರುವಾದ ಪದ್ಧತಿ ಇದು. ಇವತ್ತಿಗೂ ನಮ್ಮಲ್ಲಿ ಬ್ಯಾಂಕು ಅಂದರೆ ಎಷ್ಟೋ ಅಂಗಡಿಯವರಿಗೆ ಆ ಪಿಗ್ಮಿ ಅಣ್ಣನ ಮುಖವೇ. 2019ರಲ್ಲಿ ಅವರ ಕೈಗೆ ನಾನು ಏನೂ ಕೊಟ್ಟಿರಲಿಲ್ಲ. ಜನ ಕೇಳಿದ್ದಕ್ಕೆ “ನಂಗೂ ಗೊತ್ತಿಲ್ಲ” ಅಂದಿದ್ದರು ಪಾಪ.

ಈ ಸಲ ಹಾಳೆಯನ್ನು ಗಟ್ಟಿಯಾಗಿ ಓದಿಸಿದೆ. ತಡವರಿಸಿದ ಎರಡು ಪದಗಳನ್ನು ಅಲ್ಲೇ ಬದಲಾಯಿಸಿದೆ. ಹಿರಿಯ ಕಲೆಕ್ಟರ್ ಒಬ್ಬರು ಹಾಳೆ ಮಡಚಿ, ರಸೀದಿ ಮೆಷಿನ್ ಇರುವ ಚೀಲಕ್ಕೆ ಹಾಕಿಕೊಂಡು ಹೊರಟರು. ಗೇಟಿನವರೆಗೆ ಹೋಗಿ ವಾಪಸ್ ಬಂದರು.

“ಮೇಡಂ, ಇನ್ನೊಂದು ಹತ್ತು ಕಾಪಿ ಕೊಡಿ. ತರಕಾರಿ ಮಾರ್ಕೆಟ್ ಸೈಡಿಗೆ ಇದು ಸಾಕಾಗಲ್ಲ.”